ಮನಸ್ಸಿನೊಳಗಿನ ಅಪ್ರಸ್ತುತ ಪ್ರಸಂಗಿ

ಅಷ್ಟಾವಧಾನದ ಸಭೆಯನ್ನು ಕಂಡವರಿಗೆ ಅಪ್ರಸ್ತುತ ಪ್ರಸಂಗಿಯ ಪರಿಚಯವಿದ್ದೇ ಇರುತ್ತದೆ. ಅವಧಾನಿಯ ಸುತ್ತ ಕುಳಿತ ಎಂಟು ಮಂದಿ ಪೃಚ್ಛಕರಲ್ಲಿ ಒಬ್ಬರು ಸಮಸ್ಯೆಯನ್ನು ಕೊಡುತ್ತಾರೆ. ಒಬ್ಬರು ನಿಷೇಧಾಕ್ಷರಿಯಿಂದ ಕಟ್ಟಿಹಾಕುತ್ತಾರೆ. ಇನ್ನೊಬ್ಬರು ನಡುನಡುವೆ ಗಂಟೆ ಬಾರಿಸಿ ಕೊನೆಯಲ್ಲಿ ಅದರ ಲೆಕ್ಕವನ್ನು ಕೇಳುತ್ತಾರೆ. ಇವರೆಲ್ಲರ ನಡುವೆ ಅಪ್ರಸ್ತುತ ಪ್ರಸಂಗಿಗೆ ಇರುವುದು ಒಂದೇ ಕೆಲಸ. ಸಂಬಂಧವಿಲ್ಲದ ಮಾತನ್ನೆತ್ತಿ ಅವಧಾನಿಯ ಚಿತ್ತವನ್ನು ಬೇರೆಡೆಗೆ ಸೆಳೆಯುವುದೇ ಅದು. ಅವಧಾನಿಯು ನಗುತ್ತ ಅವನಿಗೊಂದು ಉತ್ತರವನ್ನು ಕೊಟ್ಟು, ಬಿಟ್ಟ ಪದ್ಯದ ಪಾದವನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಾನೆ. ಸಭೆ ಬೆರಗಾಗುತ್ತದೆ.

ಈ ಪ್ರಸಂಗಿಯು ಸಭೆಯಲ್ಲಿ ಕುಳಿತುಕೊಳ್ಳದೆ ಮನಸ್ಸಿನೊಳಗೇ ಬಂದು ಕುಳಿತರೆ ಏನಾದೀತು? ಅವನಿಗೆ ಬಿಡುವಿಲ್ಲ, ನಿದ್ರೆಯಿಲ್ಲ. ಸಭೆ ಮುಗಿಯಿತೆಂದು ಎದ್ದು ಹೋಗುವ ಸೌಜನ್ಯವೂ ಇಲ್ಲ. ಕೇಳಿದುದಕ್ಕೆಲ್ಲ ಉತ್ತರ ಕೊಡುತ್ತ ಹೋದ ಅವಧಾನಿಗೆ ಪದ್ಯದ ಮೊದಲ ಪಾದವೇ ನೆನಪಿನಲ್ಲಿ ಉಳಿಯುವುದಿಲ್ಲ. ಪ್ರಪಂಚದಲ್ಲಿ ನೂರು ಮಂದಿ ವಯಸ್ಕರಲ್ಲಿ ಎರಡು ಮೂರು ಮಂದಿಯ ಸ್ಥಿತಿ ಹೆಚ್ಚುಕಡಮೆ ಹೀಗಿದೆಯೆಂದು ಮನೋವೈದ್ಯರು ಲೆಕ್ಕ ಹಾಕಿದ್ದಾರೆ. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ ೨೦೦೯ರಲ್ಲಿ ಮಾಡಿದ ಒಂದು ಗಣನೆಯು ಶೇಕಡ ೨.೫ ಎಂದು ಹೇಳುತ್ತದೆ. ಅಮೆರಿಕದಲ್ಲಿ ೨೦೦೬ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಆ ದೇಶದ ವಯಸ್ಕರ ಮಟ್ಟಿಗೆ ಶೇಕಡ ೪.೪ ಎಂದಿತು. ಈ ಸ್ಥಿತಿಗೆ ವೈದ್ಯರು ಇಟ್ಟಿರುವ ಹೆಸರು ಎ.ಡಿ.ಎಚ್.ಡಿ. ಕನ್ನಡದಲ್ಲಿ ಅವಧಾನ ನ್ಯೂನತೆ ಮತ್ತು ಅತಿಚಟುವಟಿಕೆಯ ದೋಷ ಎಂದು ಹೇಳಬಹುದು. ಹೆಸರು ಉದ್ದವಾಯಿತು, ಅಷ್ಟಾಗಿಯೂ ಪೂರ್ತಿ ಸರಿಯಲ್ಲ. ಏಕೆ ಸರಿಯಲ್ಲವೆಂಬುದನ್ನು ಮುಂದೆ ಹೇಳುತ್ತೇನೆ.

ಈ ವಿಷಯವನ್ನು ನಾನು ಪುಸ್ತಕಗಳಿಂದ ಮಾತ್ರ ತಿಳಿದುಕೊಂಡವನಲ್ಲ. ನನ್ನ ೪೫ನೆಯ ವಯಸ್ಸಿನಲ್ಲಿ ಬೆಂಗಳೂರಿನ ಒಬ್ಬ ಮನೋವೈದ್ಯೆಯ ಮುಂದೆ ಕುಳಿತು, ‘ಡಾಕ್ಟರೇ, ನಾನು ಸೋಮಾರಿಯೋ ರೋಗಿಯೋ ಎಂಬುದನ್ನು ದಯವಿಟ್ಟು ತೀರ್ಮಾನ ಮಾಡಿಕೊಡಿ’ ಎಂದು ಕೇಳಿದವನು. ಹಾಗೆ ಕೇಳಬೇಕಾಗಿ ಬಂದುದು ಕಟ್ಟಡಗಳ ನಕ್ಷೆ ಮಾಡುವ ಕಚೇರಿಯೊಂದರಲ್ಲಿ ನಾನು ಮಾಡಿದ ತಪ್ಪಿನಿಂದ. ಮೂರು ವಾರಗಳ ಕಾಲ ಹತ್ತು ಮಂದಿ ಸೇರಿ ಸಿದ್ಧಪಡಿಸಿದ ಟೆಂಡರಿನ ಕಾಗದಗಳನ್ನು ಮಧ್ಯಾಹ್ನ ೩ ಗಂಟೆಯೊಳಗೆ ಸಲ್ಲಿಸುವ ಕೆಲಸ ನನ್ನದಾಗಿದ್ದಿತು. ಬೆಳಗ್ಗೆ ೧೧ ಗಂಟೆಗೆ ಎಲ್ಲವೂ ನನ್ನ ಮೇಜಿನ ಮೇಲಿದ್ದಿತು. ಹಳೆಯ ಕಡತವೊಂದರಲ್ಲಿ ಮೆಟ್ಟಿಲಿನ ಅಳತೆಯನ್ನು ನೋಡಲು ಹೋದವನು, ಮೆಟ್ಟಿಲುಗಳ ಎತ್ತರ ಒಂದೊಂದು ಕಾಲದಲ್ಲಿ ಒಂದೊಂದು ರೀತಿ ಏಕಿದ್ದಿತು ಎಂಬ ವಿಚಾರದಲ್ಲಿ ಮುಳುಗಿದೆ. ತಲೆಯೆತ್ತಿ ನೋಡಿದಾಗ ೩ ಗಂಟೆ ೨೦ ನಿಮಿಷ. ಕಚೇರಿಯವರು ಬರೆದುಕೊಟ್ಟ ಎಚ್ಚರಿಕೆಯ ಪತ್ರದಲ್ಲಿ ‘ಅಕ್ಷಮ್ಯ ಔದಾಸೀನ್ಯ’ ಎಂಬ ಮಾತಿದ್ದಿತು. ಅವರನ್ನು ನಾನು ದೂರುವುದಿಲ್ಲ. ನಾನೇ ಯಜಮಾನನಾಗಿದ್ದರೆ ಇನ್ನೂ ಕಠಿಣವಾದ ಮಾತನ್ನು ಬರೆಯುತ್ತಿದ್ದೆನೋ ಏನೋ.

ವೈದ್ಯೆಯು ನನ್ನ ಮಾತನ್ನೆಲ್ಲ ಕೇಳಿ, ವಿಶ್ವ ಆರೋಗ್ಯ ಸಂಸ್ಥೆಯ ವತಿಯಿಂದ ೨೦೦೫ರಲ್ಲಿ ಸಿದ್ಧವಾದ ೧೮ ಪ್ರಶ್ನೆಗಳ ಪಟ್ಟಿಯನ್ನು ಕೈಗಿತ್ತರು. ಕೆಲಸದ ಕೊನೆಯ ಭಾಗವನ್ನು ಮುಗಿಸುವುದು ಎಷ್ಟು ಬಾರಿ ಕಷ್ಟವಾಗುತ್ತದೆ, ಕೊಟ್ಟ ಮಾತನ್ನು, ಮಾಡಬೇಕಾದ ಕೆಲಸವನ್ನು ಎಷ್ಟು ಬಾರಿ ಮರೆಯುತ್ತೀರಿ, ಕುಳಿತಲ್ಲಿ ಕೈಕಾಲು ಆಡಿಸುತ್ತೀರೋ ಎಂಬಂತಹ ಪ್ರಶ್ನೆಗಳು. ನಾನು ಉತ್ಸಾಹದಿಂದ ಗೆರೆ ಎಳೆದು ಕೊಟ್ಟೆ. ಅವರು ಅದನ್ನು ನೋಡಿ ಪಕ್ಕಕ್ಕಿಟ್ಟು, ‘ಇದು ಬಾಗಿಲು ಅಷ್ಟೆ, ಮನೆಯಲ್ಲ’ ಎಂದರು. ನಿದ್ರೆ ಕೆಟ್ಟವನಿಗೂ, ಚಿಂತೆ ಹತ್ತಿದವನಿಗೂ, ಖಿನ್ನತೆಯುಳ್ಳವನಿಗೂ, ಥೈರಾಯ್ಡ್ ಗ್ರಂಥಿ ಕೆಟ್ಟವನಿಗೂ ಇವೇ ಉತ್ತರಗಳು ಬರಬಹುದು. ಹಗಲಿರುಳು ಮೊಬೈಲನ್ನು ತಿಕ್ಕುತ್ತಿರುವವನಿಗೂ ಬರಬಹುದು. ರಕ್ತಪರೀಕ್ಷೆಯಿಂದಾಗಲಿ ಮೆದುಳಿನ ಚಿತ್ರದಿಂದಾಗಲಿ ಈ ದೋಷವನ್ನು ಗುರುತಿಸುವ ಉಪಾಯ ಇದುವರೆಗೆ ಇಲ್ಲ. ಥೈರಾಯ್ಡ್ ಪರೀಕ್ಷೆಗೆಂದು ನನ್ನ ರಕ್ತವನ್ನೇನೋ ತೆಗೆದರು. ಅದು ಬೇರೆ ಕಾರಣಗಳನ್ನು ತಳ್ಳಿಹಾಕುವುದಕ್ಕೆ ಮಾತ್ರ. ಅನಂತರ ಅವರು ಕೇಳಿದ ಪ್ರಶ್ನೆಗೆ ನಾನು ಸಿದ್ಧನಾಗಿ ಹೋಗಿರಲಿಲ್ಲ.

‘ಹನ್ನೆರಡು ವರ್ಷ ತುಂಬುವ ಮೊದಲು ನೀವು ಹೇಗಿದ್ದಿರಿ? ಅದನ್ನು ನೋಡಿದವರು ಯಾರಾದರೂ ಇದ್ದಾರೆಯೆ?’

ಈ ಪ್ರಶ್ನೆಯ ಹಿಂದೆ ಎರಡು ಶತಮಾನಗಳ ವಿಚಾರವಿದೆ. ಎಡಿನ್‌ಬರೋದಲ್ಲಿ ಹುಟ್ಟಿದ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ೧೭೯೮ರಲ್ಲಿ ಪ್ರಕಟಿಸಿದ ಮನೋವಿಕಾರಗಳ ಗ್ರಂಥದಲ್ಲಿ, ಯಾವ ವಸ್ತುವಿನ ಮೇಲೂ ಮನಸ್ಸನ್ನು ನಿಲ್ಲಿಸಲಾರದ ಜನರನ್ನು ವರ್ಣಿಸಿದ್ದಾನೆ. ನಾಯಿ ಬೊಗಳಿದರೆ, ಯಾರೋ ಕೋಣೆಯಲ್ಲಿ ಓಡಾಡಿದರೆ, ಬೆಳಕು ಕೊಂಚ ಹೆಚ್ಚುಕಡಮೆಯಾದರೆ ಅವರ ಗಮನ ಚದರಿಹೋಗುತ್ತದೆ. ಇದು ಹುಟ್ಟಿನಿಂದಲೇ ಬರಬಹುದೆಂದೂ, ವಯಸ್ಸಾದಂತೆ ಸಾಮಾನ್ಯವಾಗಿ ಇಳಿಯುತ್ತದೆಂದೂ ಆತ ಬರೆದ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ೧೯೦೨ರಲ್ಲಿ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ಕೊಟ್ಟ ಮೂರು ಉಪನ್ಯಾಸಗಳಲ್ಲಿ, ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳ ವಿಚಾರವನ್ನೆತ್ತಿದ. ದುರದೃಷ್ಟವಶಾತ್ ಆತ ಅದನ್ನು ನೈತಿಕ ನಿಯಂತ್ರಣದ ದೋಷವೆಂದು ಕರೆದ. ಆ ‘ನೈತಿಕ’ ಎಂಬ ಮಾತು ಅಂದು ಇನ್ನೂ ವಿಶಾಲವಾದ ಅರ್ಥದಲ್ಲಿ ಬಳಕೆಯಲ್ಲಿದ್ದಿತೆಂದು ಹೇಳುತ್ತಾರೆ. ಆದರೆ ಅದರ ಕಹಿ ಇಂದಿಗೂ ಹೋಗಿಲ್ಲ. ನನಗೆ ಬಂದ ಎಚ್ಚರಿಕೆಯ ಪತ್ರದಲ್ಲಿಯೂ ಅದು ಇದ್ದಿತು.

ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಈ ಸ್ಥಿತಿಯು ೧೯೬೮ರಲ್ಲಿ ಬಾಲ್ಯದ ಅತಿಚಲನೆಯ ಪ್ರತಿಕ್ರಿಯೆ ಎಂಬ ಹೆಸರಿನಲ್ಲಿ ಸ್ಥಾನ ಪಡೆಯಿತು. ಹುಡುಗನು ದೊಡ್ಡವನಾಗುವ ಹೊತ್ತಿಗೆ ಅದು ತಾನಾಗಿಯೇ ಅಡಗುವುದೆಂಬುದು ಆಗಿನ ನಂಬಿಕೆ. ಕ್ರೈಟನ್ನನ ಮಾತಿನ ಮುಂದುವರಿಕೆಯೆಂದೇ ಹೇಳಬೇಕು. ೧೯೮೦ರಲ್ಲಿ ಹೆಸರು ಬದಲಾಗಿ, ಓಡಾಟಕ್ಕಿಂತ ಅವಧಾನದ ಕೊರತೆಯೇ ಮುಖ್ಯವೆಂದಾಯಿತು. ಈಗಿನ ಹೆಸರು ೧೯೮೭ರದು. ದೊಡ್ಡವರಲ್ಲಿಯೂ ಇದು ಉಳಿಯುತ್ತದೆಂದು ತೋರಿಸಲು ಶ್ರಮಿಸಿದವರಲ್ಲಿ ಯೂಟಾ ವಿಶ್ವವಿದ್ಯಾಲಯದ ಪಾಲ್ ವೆಂಡರ್ ಮುಖ್ಯರು. ಅವರೂ ಅವರ ಸಂಗಡಿಗರೂ ೧೯೭೬ರಲ್ಲಿಯೇ ವಯಸ್ಕ ರೋಗಿಗಳ ಚಿಕಿತ್ಸೆಯನ್ನು ಕುರಿತು ಬರೆದಿದ್ದರು. ಇತ್ತ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಗೇಬ್ರಿಯೆಲ್ ವೈಸ್ ಮತ್ತು ಲಿಲಿ ಹೆಕ್ಟ್‌ಮನ್ ಎಂಬ ವೈದ್ಯೆಯರು ಹೀಗೆ ಗುರುತಿಸಿದ ಮಕ್ಕಳನ್ನು ಹದಿನೈದು ವರ್ಷ ಬಿಡದೆ ಹಿಂಬಾಲಿಸಿ ನೋಡಿದರು. ಬೆಳೆದು ನಿಂತವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿಗೆ ಬಾಧೆ ಕೊಡುವ ಒಂದಾದರೂ ಲಕ್ಷಣ ಉಳಿದುಕೊಂಡಿದ್ದಿತು. ಬದಲಾದುದು ಅದರ ರೂಪ. ಮರ ಹತ್ತುತ್ತಿದ್ದ ಹುಡುಗ ಕುರ್ಚಿಯಲ್ಲಿ ಕಾಲು ಕುಣಿಸುವ ಗುಮಾಸ್ತನಾಗುತ್ತಾನೆ. ಹೊರಗಿನ ಓಟ ಒಳಗೆ ಸೇರಿಕೊಳ್ಳುತ್ತದೆ.

೨೦೧೩ರಲ್ಲಿ ಬಂದ ಅದೇ ಕೈಪಿಡಿಯ ಐದನೆಯ ಆವೃತ್ತಿಯ ಪ್ರಕಾರ, ಅವಧಾನಕ್ಕೆ ಸಂಬಂಧಿಸಿದ ೯ ಮತ್ತು ಚಟುವಟಿಕೆ-ಆತುರಗಳಿಗೆ ಸಂಬಂಧಿಸಿದ ೯ ಲಕ್ಷಣಗಳಿವೆ. ೧೭ ವರ್ಷ ದಾಟಿದವರಲ್ಲಿ ಈ ಎರಡು ಗುಂಪುಗಳ ಪೈಕಿ ಒಂದರಲ್ಲಾದರೂ ಐದು ಲಕ್ಷಣಗಳಿರಬೇಕು, ಅವು ಮನೆ, ಕಚೇರಿ, ಹೀಗೆ ಎರಡು ಕಡೆಗಳಲ್ಲಾದರೂ ಕಾಣಬೇಕು, ಬದುಕಿಗೆ ತೊಡಕಾಗಿರಬೇಕು, ಮತ್ತು ಅವುಗಳಲ್ಲಿ ಹಲವು ೧೨ ವರ್ಷ ತುಂಬುವ ಮೊದಲೇ ತಲೆದೋರಿರಬೇಕು. ಮೆದುಳಿನ ಬೆಳವಣಿಗೆಯಲ್ಲಿಯೇ ಬಂದ ಭೇದವಾದುದರಿಂದ ಅದು ನಡುವಯಸ್ಸಿನಲ್ಲಿ ಥಟ್ಟನೆ ಹುಟ್ಟಲಾರದು ಎಂಬುದು ಇದರ ತರ್ಕ. ತರ್ಕವೇನೋ ಸರಿ. ಆದರೆ ಮೂವತ್ತೈದು ವರ್ಷಗಳ ಹಿಂದಿನ ಬಾಲಕನನ್ನು ಸಾಕ್ಷಿಗೆ ಕರೆತರುವುದು ಹೇಗೆ? ವೆಂಡರರು ಇದಕ್ಕೆಂದೇ ೬೧ ಅಂಶಗಳ ಪ್ರಶ್ನಾವಳಿಯೊಂದನ್ನು ರಚಿಸಿದರು. ೧೯೯೩ರಲ್ಲಿ ಅದು ಪ್ರಕಟವಾಯಿತು. ವಯಸ್ಕನು ತನ್ನ ಬಾಲ್ಯವನ್ನು ನೆನೆದು ಅದಕ್ಕೆ ಉತ್ತರಿಸಬೇಕು. ಆದರೆ ನೆನಪು ಎಂಬುದು ದಸ್ತೈವಜಲ್ಲ. ಇಂದಿನ ಸೋಲಿಗೆ ಕಾರಣ ಹುಡುಕುವವನಿಗೆ ಅಂದಿನ ಬಾಲ್ಯವೆಲ್ಲ ಆ ಕಾರಣದ ಬಣ್ಣದಲ್ಲಿಯೇ ಕಾಣುವುದುಂಟು.

ಇದು ಬರಿಯ ಶಂಕೆಯಲ್ಲ. ನ್ಯೂಜಿಲೆಂಡಿನ ಡ್ಯೂನೆಡಿನ್ ನಗರದಲ್ಲಿ ೧೯೭೨-೭೩ರಲ್ಲಿ ಹುಟ್ಟಿದ ೧,೦೩೭ ಮಕ್ಕಳನ್ನು ವಿಜ್ಞಾನಿಗಳು ಅಂದಿನಿಂದಲೂ ಮತ್ತೆ ಮತ್ತೆ ಪರೀಕ್ಷಿಸುತ್ತ ಬಂದಿದ್ದಾರೆ. ಅವರು ೨೦೧೫ರಲ್ಲಿ ಪ್ರಕಟಿಸಿದ ಲೇಖನವು ಎಲ್ಲರನ್ನೂ ಬೆಚ್ಚಿಬೀಳಿಸಿತು. ೩೮ನೆಯ ವಯಸ್ಸಿನಲ್ಲಿ ಈ ದೋಷದ ಲಕ್ಷಣಗಳನ್ನು ತೋರಿದವರಲ್ಲಿ ಶೇಕಡ ೯೦ರಷ್ಟು ಮಂದಿಗೆ, ಅಂದೇ ಬರೆದಿಟ್ಟ ದಾಖಲೆಗಳ ಪ್ರಕಾರ, ಬಾಲ್ಯದಲ್ಲಿ ಅದು ಇರಲಿಲ್ಲ! ಮತ್ತೊಂದು ಕಡೆ, ಬಾಲ್ಯದಲ್ಲಿ ದೋಷವಿದ್ದುದಾಗಿ ದಾಖಲೆಯಿದ್ದವರ ತಾಯ್ತಂದೆಯರಲ್ಲಿ ಅನೇಕರು ಅದನ್ನು ಪೂರ್ತಿ ಮರೆತಿದ್ದರು. ಹಾಗಾದರೆ ದೊಡ್ಡವರ ದೋಷವೇ ಬೇರೆಯೆ? ಕೆಲವರು ಹಾಗೆಂದರು. ೨೦೧೮ರಲ್ಲಿ ಅಮೆರಿಕದ ಇನ್ನೊಂದು ತಂಡ, ಹೀಗೆ ತಡವಾಗಿ ಕಾಣಿಸಿಕೊಂಡವರನ್ನು ಒಬ್ಬೊಬ್ಬರನ್ನಾಗಿ ಪರಿಶೀಲಿಸಿದಾಗ, ಬಹುಪಾಲು ಮಂದಿಯಲ್ಲಿ ಮಾದಕ ವಸ್ತುಗಳ ಬಳಕೆ, ಬೇರೆ ಮನೋವ್ಯಾಧಿ ಮುಂತಾದ ಅನ್ಯ ಕಾರಣಗಳು ದೊರೆತವು. ವಿವಾದ ಪೂರ್ತಿ ಮುಗಿದಿಲ್ಲ. ವೈದ್ಯೆಯು ಸಾಕ್ಷಿಯನ್ನು ಕೇಳಿದುದರಲ್ಲಿ ಹಟವೇನೂ ಇರಲಿಲ್ಲವೆಂಬುದನ್ನು ಹೇಳಲು ಇಷ್ಟು ಸಾಕು.

ನನಗೆ ಉಳಿದಿರುವ ಸಾಕ್ಷಿ ಒಬ್ಬರೇ, ನನ್ನ ತಾಯಿ. ಅವರಿಗೆ ಈಗ ೭೮ ವರ್ಷ. ಸಾಗರದ ಸೀಮೆಯ ನಮ್ಮ ಹಳೆಯ ಮನೆಯಲ್ಲಿದ್ದಾರೆ. ಇತ್ತೀಚೆಗೆ ಹೆಸರುಗಳು ಅವರಿಗೆ ತಪ್ಪುತ್ತಿವೆ. ತಡಮಾಡಿದರೆ ಸಾಕ್ಷಿಯೇ ಇಲ್ಲದಂತಾದೀತೆಂಬ ಭಯದಿಂದ ಮರುವಾರವೇ ಊರಿಗೆ ಹೋದೆ. ವೈದ್ಯೆ ಬರೆದುಕೊಟ್ಟ ಪ್ರಶ್ನೆಗಳನ್ನು ಕೇಳಿದರೆ ಅಮ್ಮನಿಂದ ಬಂದ ಉತ್ತರ ಒಂದೇ: ‘ನಿನಗೇನಾಗಿತ್ತು ಮಾರಾಯ? ಇಡೀ ಶಾಲೆಗೆ ನೀನೇ ಚುರುಕು. ಒಂದು ದಿನವೂ ತೊಂದರೆ ಕೊಟ್ಟವನಲ್ಲ.’

ಮಗನ ಮೇಲೆ ಯಾರೋ ದೂರು ತಂದಿದ್ದಾರೆಂದೇ ಅವರು ಭಾವಿಸಿದಂತಿದ್ದಿತು. ಯಾವ ತಾಯಿ ಒಪ್ಪಿಯಾಳು? ನಾನು ಕಾಗದವನ್ನು ಮಡಿಸಿ ಕಿಸೆಗಿಟ್ಟೆ. ರಾತ್ರಿ ಊಟವಾದ ಮೇಲೆ ಮಳೆಯ ಮಾತು ಬಂದಿತು. ಮಳೆಯಿಂದ ಕೊಡೆಯ ಮಾತಿಗೆ ಹೋದೆವು. ‘ನಿನಗೆ ಕೊಡೆ ಕೊಡಿಸುವುದನ್ನು ಎರಡನೆಯ ಇಯತ್ತೆಗೇ ಬಿಟ್ಟೆವಲ್ಲ. ಒಂದು ಮಳೆಗಾಲಕ್ಕೆ ಮೂರು ಕೊಡೆ ಕಳೆದೆ. ಆಮೇಲೆ ಕಂಬಳಿಕೊಪ್ಪೆಯೇ ಗತಿ. ಮೈಮೇಲೆ ಇದ್ದುದನ್ನು ಬಿಟ್ಟುಬರುವುದು ಕಷ್ಟ ನೋಡು’ ಎಂದರು. ಅದನ್ನೂ ಒಮ್ಮೆ ಬಿಟ್ಟುಬಂದು ನೆನೆದುಕೊಂಡೇ ಮನೆ ಸೇರಿದ್ದೆನಂತೆ. ಮಳೆಯಲ್ಲಿ ತೋಯುತ್ತಿರುವುದು ಮನೆ ತಲಪುವವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲವಂತೆ. ಬಳಪಕ್ಕೆ ದಾರ ಕಟ್ಟಿ ಸ್ಲೇಟಿನ ಚೌಕಟ್ಟಿಗೆ ಗಂಟು ಹಾಕುತ್ತಿದ್ದವರು ಅಮ್ಮನೇ. ಅಂಗಡಿಗೆ ಕಳುಹಿಸುವಾಗ ಉಪ್ಪು, ಬೆಂಕಿಪೊಟ್ಟಣ ಎಂಬ ಎರಡು ಮಾತುಗಳನ್ನು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಹೋಗೆಂದು ಕಲಿಸಿದ್ದರು. ಆದರೆ ದಾರಿಯಲ್ಲಿ ಕಮ್ಮಾರನ ಕುಲುಮೆ ಇದ್ದಿತು. ಕಬ್ಬಿಣ ಕೆಂಪಾಗುವುದನ್ನು ನೋಡುತ್ತ ನಿಂತು, ಸಂಜೆ ಬರಿಗೈಯಲ್ಲಿ ಮನೆಗೆ ಬಂದುದು ಎಷ್ಟು ಸಲವೋ! ‘ಅದಕ್ಕೇ ಅಂಗಡಿಗೆ ನಿನ್ನ ತಂಗಿಯನ್ನು ಕಳುಹಿಸುವುದೆಂದು ಮಾಡಿದೆ’ ಎಂದರು.

ಓದಿನ ವಿಚಾರ ಇದಕ್ಕಿಂತ ಸೋಜಿಗದ್ದು. ಮಲೆನಾಡಿನ ಅಡಿಕೆ ಸುಲಿತದ ದಿನಗಳನ್ನು ಬಲ್ಲವರು ಬಲ್ಲರು. ಸಂಜೆಯಾಯಿತೆಂದರೆ ಹತ್ತು ಹನ್ನೆರಡು ಮಂದಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ನಡುರಾತ್ರಿಯವರೆಗೆ ಅಡಿಕೆ ಸುಲಿಯುತ್ತಾರೆ. ಊರಿನ ಸುದ್ದಿಯೆಲ್ಲ ಅಲ್ಲಿ ಹರಿದಾಡುತ್ತದೆ. ಆ ಗಲಭೆಯ ನಡುವೆ, ಅಮ್ಮನ ಮೊಣಕಾಲಿಗೆ ತಾಗಿ ಕುಳಿತರೆ ಮಾತ್ರ ನನ್ನ ಲೆಕ್ಕ ಮುಂದೆ ಸಾಗುತ್ತಿದ್ದಿತು. ಒಳಕೋಣೆಯಲ್ಲಿ ಒಬ್ಬನನ್ನೇ ಕೂಡಿಸಿದರೆ ಅರ್ಧ ಗಂಟೆಗೊಮ್ಮೆಯೂ ಪುಟ ತಿರುಗುತ್ತಿರಲಿಲ್ಲ. ಸುಲಿತವಿಲ್ಲದ ಕಾಲದಲ್ಲಿ ಅಮ್ಮನೇ ಹುರುಳಿ ಆರಿಸುವ ನೆವದಿಂದ ಎದುರಿಗೆ ಬಂದು ಕೂರುತ್ತಿದ್ದರು. ನನ್ನ ಬೆರಳು ನಿಂತರೆ ‘ಮುಂದೆ?’ ಎಂದು ಕೇಳುತ್ತಿದ್ದರು. ಹೀಗೆ ಏಳನೆಯ ಇಯತ್ತೆಯವರೆಗಲ್ಲ, ಎಸ್.ಎಸ್.ಎಲ್.ಸಿ.ಯವರೆಗೂ! ಇದನ್ನೆಲ್ಲ ಅವರು ಹೇಳಿದುದು ನನಗೆ ಯಾವ ತೊಂದರೆಯೂ ಇರಲಿಲ್ಲ ಎಂಬುದಕ್ಕೆ ನಿದರ್ಶನವಾಗಿ.

ನಾನು ೧೯೯೫ರಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದೆ. ಆಮೇಲೆ ಕಾಲೇಜಿಗೆಂದು ಪೇಟೆಯ ಹಾಸ್ಟೆಲು ಸೇರಿದವನು ಮೊದಲ ವರ್ಷದಲ್ಲಿಯೇ ಎರಡು ವಿಷಯಗಳಲ್ಲಿ ನಪಾಸಾದೆ. ಹುಡುಗನಿಗೆ ಪೇಟೆಯ ಗಾಳಿ ತಗುಲಿತೆಂದು ಊರೆಲ್ಲ ಹೇಳಿತು. ನಿಜವಾಗಿ ತಗುಲಿದುದು ಯಾವುದೂ ಇಲ್ಲ, ಕಳಚಿಹೋದುದು ಒಂದಿತ್ತು. ಬಳ್ಳಿಗೆ ಕೊಟ್ಟ ಊರೆಗೋಲು ಎಲೆಗಳ ಮರೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಕಿತ್ತಾಗ ಬಳ್ಳಿ ನೆಲಕ್ಕೆ ಬಿದ್ದರೆ ಬಳ್ಳಿಯನ್ನೇ ಬೈಯುತ್ತೇವೆ. ಬುದ್ಧಿವಂತರಾದ ಮಕ್ಕಳಲ್ಲಿ, ಮನೆಯವರ ಕಾವಲು ಚೆನ್ನಾಗಿರುವಲ್ಲಿ, ಈ ದೋಷವು ಹೈಸ್ಕೂಲಿನವರೆಗೂ, ಕೆಲವೊಮ್ಮೆ ಮದುವೆಯಾಗಿ ಸಂಸಾರದ ಹೊಣೆ ಬರುವವರೆಗೂ ಮರೆಯಾಗಿಯೇ ಉಳಿಯುವುದುಂಟೆಂದು ವೈದ್ಯರು ಹೇಳುತ್ತಾರೆ. ಹೆಣ್ಣುಮಕ್ಕಳ ವಿಚಾರದಲ್ಲಂತೂ ಇದು ಇನ್ನೂ ನಿಜ. ತರಗತಿಯಲ್ಲಿ ಗದ್ದಲ ಮಾಡುವ ಹುಡುಗನನ್ನು ಎಲ್ಲರೂ ನೋಡುತ್ತಾರೆ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತ ಹುಡುಗಿಯನ್ನು ‘ಪಾಪ, ಸಾಧು’ ಎಂದು ಬಿಟ್ಟುಬಿಡುತ್ತಾರೆ. ಬಾಲ್ಯದಲ್ಲಿ ಗುರುತಿಸಲ್ಪಟ್ಟವರಲ್ಲಿ ಗಂಡುಮಕ್ಕಳೇ ಬಹಳ ಹೆಚ್ಚು. ವಯಸ್ಕರಲ್ಲಿ ಆ ಅಂತರ ಕಿರಿದಾಗುತ್ತದೆ.

ಮರುದಿನ ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿ ನನ್ನ ಎರಡು ಪ್ರಗತಿಪತ್ರಗಳು ದೊರೆತವು. ನಾಲ್ಕನೆಯ ಇಯತ್ತೆಯದರಲ್ಲಿ ಮಾಸ್ತರರು ಕೆಂಪು ಶಾಯಿಯಲ್ಲಿ, ‘ಗ್ರಹಣಶಕ್ತಿ ಉತ್ತಮ. ಪ್ರಶ್ನೆ ಓದುವ ಮೊದಲೇ ಉತ್ತರ ಬರೆಯುತ್ತಾನೆ. ಕೂಡುವುದಿದ್ದಲ್ಲಿ ಕಳೆಯುತ್ತಾನೆ’ ಎಂದು ಬರೆದಿದ್ದರು. ಮೂರು ವಾಕ್ಯಗಳಲ್ಲಿ ಇಷ್ಟನ್ನು ಕಂಡುಹಿಡಿದ ಆ ಮಾಸ್ತರರಿಗೆ ಯಾವ ಕೈಪಿಡಿಯೂ ಬೇಕಾಗಿರಲಿಲ್ಲ. ವೈದ್ಯೆಯು ಆ ಕಾರ್ಡನ್ನು ಬಹಳ ಹೊತ್ತು ನೋಡಿದರು. ನನ್ನ ಪ್ರಶ್ನಾವಳಿಗಿಂತ ಅದಕ್ಕೇ ಅವರು ಹೆಚ್ಚು ಬೆಲೆ ಕೊಟ್ಟರೆಂದು ನನ್ನ ಅನಿಸಿಕೆ.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತಬಹುದು; ನನ್ನ ಹೆಂಡತಿಯೂ ಎತ್ತಿದ್ದಳು. ರಾತ್ರಿಯಿಡೀ ಯಕ್ಷಗಾನ ನೋಡುತ್ತ ಕುಳಿತಲ್ಲಿಂದ ಅಲುಗದಿದ್ದ ಹುಡುಗನಿಗೆ, ಕೆಟ್ಟ ರೇಡಿಯೋವನ್ನು ಬಿಚ್ಚಿಟ್ಟುಕೊಂಡು ಊಟವನ್ನೂ ಮರೆಯುತ್ತಿದ್ದವನಿಗೆ ಅವಧಾನದ ಕೊರತೆ ಎಲ್ಲಿಂದ ಬಂದಿತು? ಹೆಸರು ಸರಿಯಿಲ್ಲವೆಂದು ನಾನು ಮೊದಲು ಹೇಳಿದುದು ಇದಕ್ಕಾಗಿಯೇ. ಕೊರತೆಯಿರುವುದು ಅವಧಾನದಲ್ಲಿ ಅಲ್ಲ, ಅದರ ಕಡಿವಾಣದಲ್ಲಿ. ಯಾವ ಕೆಲಸಕ್ಕೆ ಎಷ್ಟು ಗಮನ ಕೊಡಬೇಕು, ಯಾವಾಗ ಬಿಡಬೇಕು, ಬಿಟ್ಟುದನ್ನು ಯಾವಾಗ ಮತ್ತೆ ಹಿಡಿಯಬೇಕು ಎಂಬ ಆಡಳಿತವನ್ನು ಮುಖ್ಯವಾಗಿ ನಡೆಸುವುದು ಹಣೆಯ ಹಿಂದಿರುವ ಮೆದುಳಿನ ಮುಂಭಾಗ ಮತ್ತು ಅದರೊಡನೆ ತಂತಿ ಹಾಕಿಕೊಂಡಿರುವ ಒಳಗಿನ ಕೆಲವು ಗಂಟುಗಳು. ಅಲ್ಲಿ ನರಕೋಶದಿಂದ ನರಕೋಶಕ್ಕೆ ಸುದ್ದಿ ಸಾಗಿಸುವ ರಾಸಾಯನಿಕಗಳಲ್ಲಿ ಡೋಪಮೀನ್ ಮತ್ತು ನಾರ್‌ಅಡ್ರಿನಲಿನ್ ಮುಖ್ಯವಾದವು. ಕೆಲಸವು ತಾನಾಗಿ ರುಚಿಸಿದಾಗ, ಹೊಸದಾಗಿದ್ದಾಗ, ಇಲ್ಲವೆ ಗಡುವು ಕುತ್ತಿಗೆಗೆ ಬಂದಾಗ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ. ‘ಇದು ಮುಖ್ಯ, ಆದುದರಿಂದ ಮಾಡಬೇಕು’ ಎಂಬ ಬರಿಯ ವಿವೇಕದ ಅಪ್ಪಣೆಗೆ ಮಾತ್ರ ಅದು ತಕ್ಕಷ್ಟು ಓಗೊಡುವುದಿಲ್ಲ. ನೋಡುವವರಿಗೆ ಅದು ಬೇಕೆಂದೇ ಮಾಡಿದಂತೆ ಕಾಣುತ್ತದೆ.

ಬೆಳವಣಿಗೆಯ ಭೇದವೆಂಬ ಮಾತಿಗೆ ಒಂದು ಒಳ್ಳೆಯ ಆಧಾರ ೨೦೦೭ರಲ್ಲಿ ದೊರೆಯಿತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಈ ದೋಷವಿದ್ದ ೨೨೩ ಮಕ್ಕಳ ಮೆದುಳನ್ನೂ ಅಷ್ಟೇ ಸಂಖ್ಯೆಯ ಇತರ ಮಕ್ಕಳ ಮೆದುಳನ್ನೂ ಕಾಂತೀಯ ಯಂತ್ರದಿಂದ ಚಿತ್ರಿಸಿ ಹೋಲಿಸಿದರು. ಮೆದುಳಿನ ಹೊರಪದರದ ದಪ್ಪವು ಬಾಲ್ಯದಲ್ಲಿ ಏರುತ್ತ ಹೋಗಿ, ಒಂದು ಶಿಖರವನ್ನು ಮುಟ್ಟಿ, ಬಳಿಕ ಇಳಿಯುತ್ತದೆ. ಪದರದ ಅರ್ಧದಷ್ಟು ಭಾಗ ಆ ಶಿಖರವನ್ನು ಮುಟ್ಟಿದ ವಯಸ್ಸು ಇತರ ಮಕ್ಕಳಲ್ಲಿ ಸುಮಾರು ೭.೫ ವರ್ಷವಾದರೆ, ಈ ಮಕ್ಕಳಲ್ಲಿ ೧೦.೫ ವರ್ಷ. ದಾರಿ ಅದೇ, ತಲಪಿದುದು ಮೂರು ವರ್ಷ ತಡವಾಗಿ. ಇದು ನೂರಾರು ಮಕ್ಕಳ ಸರಾಸರಿಯ ಮಾತು. ಒಬ್ಬ ವ್ಯಕ್ತಿಯ ಚಿತ್ರವನ್ನು ಮುಂದಿಟ್ಟುಕೊಂಡು ಇವನಿಗೆ ಉಂಟು, ಇವನಿಗೆ ಇಲ್ಲ ಎಂದು ಹೇಳಲಾಗದು.

ಅಮ್ಮನ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಇನ್ನೊಂದು ಮಾತನ್ನು ನಾನು ಮೊದಲು ಗಮನಿಸಲಿಲ್ಲ. ‘ಥೇಟು ನಿನ್ನ ಅಪ್ಪನ ಹಾಗೆ.’ ನಮ್ಮ ಮನೆಯ ಹಿಂದೆ ಅರ್ಧ ತೋಡಿದ ಬಾವಿಯೊಂದಿದೆ. ತೋಟದ ಮೂರು ಪಾಲಿಗೆ ಬೇಲಿಯಿದೆ, ನಾಲ್ಕನೆಯದಕ್ಕಿಲ್ಲ. ಕೊಟ್ಟಿಗೆಯಲ್ಲಿ ಬಿಚ್ಚಿಟ್ಟ ಪಂಪುಸೆಟ್ಟಿನ ಭಾಗಗಳು ನನ್ನ ಬಾಲ್ಯದಿಂದಲೂ ಇವೆ. ಊರಿನವರ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಿಕೊಡುತ್ತಿದ್ದ ಅಪ್ಪ, ಕಂದಾಯ ಕಟ್ಟುವ ದಿನವನ್ನು ಒಮ್ಮೆಯೂ ನೆನಪಿಟ್ಟವರಲ್ಲ. ಅವಳಿ ಮಕ್ಕಳ ಅಧ್ಯಯನಗಳಿಂದ ತಿಳಿದುಬಂದಿರುವ ಪ್ರಕಾರ ಈ ದೋಷದ ಆನುವಂಶಿಕತೆ ಶೇಕಡ ೭೦ರಿಂದ ೮೦. ಈ ಅಂಕಿಯನ್ನು ತಪ್ಪಾಗಿ ತಿಳಿಯಬಾರದು. ತಂದೆಗಿದ್ದರೆ ಮಗನಿಗೆ ಬರುವ ಸಂಭವ ಶೇಕಡ ೮೦ ಎಂದು ಇದರ ಅರ್ಥವಲ್ಲ. ಜನಸಮುದಾಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಈ ವಿಷಯದಲ್ಲಿ ಇರುವ ವ್ಯತ್ಯಾಸದಲ್ಲಿ ಅಷ್ಟು ಪಾಲನ್ನು ಅನುವಂಶದ ಲೆಕ್ಕಕ್ಕೆ ಹಾಕಬಹುದು ಎಂದು ಅರ್ಥ. ಯಾವುದೋ ಒಂದೇ ಜೀನ್ ಇದನ್ನು ತರುವುದಿಲ್ಲ. ೨೦೧೯ರಲ್ಲಿ ವರ್ಣತಂತುಗಳ ಮೇಲಿನ ೧೨ ತಾಣಗಳು ಗುರುತಾದವು. ೨೦೨೩ರ ಹೊತ್ತಿಗೆ ೨೭. ಒಂದೊಂದರ ಪ್ರಭಾವವೂ ಅತ್ಯಲ್ಪ.

ಅಪ್ಪನನ್ನು ಕುರಿತು ಇನ್ನೊಂದು ಸಂಗತಿಯನ್ನು ಇಲ್ಲಿ ಬರೆಯಬೇಕು. ೨೦೦೯ರಲ್ಲಿ, ಅವರ ಕೊನೆಯ ವರ್ಷದಲ್ಲಿ, ಊರಿನಲ್ಲಿ ಸಿಗದ ಒಂದು ಔಷಧವನ್ನು ಬೆಂಗಳೂರಿನಿಂದ ಕಳುಹಿಸಲು ನನಗೆ ಹೇಳಿದ್ದರು. ಅಂದೇ ಕೊಂಡೆ. ಅದು ಹನ್ನೊಂದು ದಿನ ನನ್ನ ಚೀಲದಲ್ಲಿಯೇ ಇದ್ದಿತು; ದಿನಕ್ಕೆ ಹತ್ತು ಬಾರಿ ನೆನಪಾಗುತ್ತಿದ್ದಿತು, ಅಂಚೆ ಕಚೇರಿಯ ಮುಂದೆ ಹಾಯುವಾಗ ಮಾತ್ರ ಆಗುತ್ತಿರಲಿಲ್ಲ. ಅದರಿಂದ ಅವರ ಆಯುಷ್ಯಕ್ಕೆ ಹೆಚ್ಚುಕಡಮೆಯಾಗಲಿಲ್ಲವೆಂದು ಅಲ್ಲಿನ ವೈದ್ಯರು ಆಮೇಲೆ ಹೇಳಿದರು. ಅಪ್ಪ ಏನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿದ್ದಿತು.

ಮೂರು ಭೇಟಿಗಳ ಕೊನೆಯಲ್ಲಿ ವೈದ್ಯೆಯು ತಮ್ಮ ನಿರ್ಣಯವನ್ನು ಹೇಳಿದರು. ದೋಷ ಇದೆ, ಚಟುವಟಿಕೆಗಿಂತ ಅವಧಾನದ ಕಡೆಯದೇ ಹೆಚ್ಚು. ಆಗ ನನಗೆ ಹಗುರವೆನಿಸಿತೆಂದು ಹೇಳಿದರೆ ಅರ್ಧ ಸತ್ಯ. ಹಗುರವಾದುದು ಒಂದು ಸಂಜೆಯ ಮಟ್ಟಿಗೆ. ಆಮೇಲೆ ಬಂದುದು ಒಂದು ಬಗೆಯ ಸಿಟ್ಟು, ಯಾರ ಮೇಲೆಂದು ತಿಳಿಯದ ಸಿಟ್ಟು. ಇಪ್ಪತ್ತನೆಯ ವಯಸ್ಸಿನಲ್ಲಿ ಇದು ತಿಳಿದಿದ್ದರೆ ಎಂಬ ಲೆಕ್ಕ ಹಾಕುತ್ತ ಹಲವು ರಾತ್ರಿಗಳನ್ನು ಕಳೆದೆ. ತಡವಾಗಿ ತಿಳಿದುಕೊಂಡವರಲ್ಲಿ ಇದು ಸಾಮಾನ್ಯವೆಂದು ವೈದ್ಯೆ ಹೇಳಿದರು.

ಚಿಕಿತ್ಸೆಯ ಕಥೆಯೂ ಸ್ವಾರಸ್ಯವಾದುದೇ. ಅಮೆರಿಕದ ರೋಡ್ ಐಲೆಂಡಿನ ಮಕ್ಕಳ ಆಸ್ಪತ್ರೆಯಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ ೧೯೩೭ರಲ್ಲಿ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧವನ್ನು ೩೦ ಮಕ್ಕಳಿಗೆ ಕೊಟ್ಟು ನೋಡಿದ. ಮೆದುಳಿನ ಎಕ್ಸ್-ರೇ ತೆಗೆಯುವ ಆ ಕಾಲದ ಕ್ರಮದಿಂದ ಬರುತ್ತಿದ್ದ ತಲೆನೋವಿಗೆ ಅದು ಮದ್ದಾದೀತೇ ಎಂದು ಮೊದಲು ಪ್ರಯತ್ನಿಸಿದನೆಂದು ಹೇಳುತ್ತಾರೆ. ತಲೆನೋವಿನ ಮಾತು ಹಾಗಿರಲಿ, ೧೪ ಮಕ್ಕಳು ಶಾಲೆಯ ಪಾಠದಲ್ಲಿ ಎದ್ದುಕಾಣುವಷ್ಟು ಮುಂದುವರಿದರು. ಮಕ್ಕಳೇ ಅದಕ್ಕೆ ಲೆಕ್ಕದ ಮಾತ್ರೆ ಎಂದು ಹೆಸರಿಟ್ಟರು. ಸ್ವಿಟ್ಸರ್ಲೆಂಡಿನ ಸೀಬಾ ಕಂಪೆನಿಯ ರಸಾಯನಜ್ಞ ಲಿಯಾಂಡ್ರೊ ಪಾನಿಟ್ಸೋನ್ ೧೯೪೪ರಲ್ಲಿ ಮೀಥೈಲ್‌ಫೆನಿಡೇಟನ್ನು ತಯಾರಿಸಿ, ತನ್ನ ಹೆಂಡತಿ ರೀಟಾಳ ಹೆಸರಿನಿಂದ ಅದನ್ನು ರಿಟಲಿನ್ ಎಂದು ಕರೆದ. ಚಂಚಲನಿಗೆ ಉತ್ತೇಜಕವನ್ನು ಕೊಟ್ಟರೆ ಅವನು ಶಾಂತನಾಗುವುದು ವಿಪರೀತವಾಗಿ ಕಾಣುತ್ತದೆ. ಆದರೆ ಉತ್ತೇಜನ ದೊರೆಯುವುದು ಓಡುವ ಕುದುರೆಗಲ್ಲ, ತೂಕಡಿಸುತ್ತಿರುವ ಸವಾರನಿಗೆ. ಒಂದು ನರಕೋಶವು ಹೊರಬಿಟ್ಟ ಡೋಪಮೀನನ್ನು ಅದೇ ಕೋಶ ಬೇಗ ಮರಳಿ ಹೀರಿಕೊಳ್ಳದಂತೆ ಈ ಔಷಧವು ತಡೆಯುತ್ತದೆ. ಸುದ್ದಿಯು ಕೊಂಚ ಹೆಚ್ಚು ಹೊತ್ತು ಸಂಧಿಯಲ್ಲಿ ನಿಲ್ಲುತ್ತದೆ. ಹಸಿವು ಕಡಮೆಯಾಗುವುದು, ನಿದ್ರೆ ಕೆಡುವುದು, ನಾಡಿಯ ವೇಗವೂ ರಕ್ತದೊತ್ತಡವೂ ಕೊಂಚ ಏರುವುದು ಇದರ ತೊಡಕುಗಳು. ದುರುಪಯೋಗಕ್ಕೆ ಅವಕಾಶವಿರುವುದರಿಂದ ನಮ್ಮ ದೇಶದ ೧೯೮೫ರ ಮಾದಕ ಪದಾರ್ಥಗಳ ಕಾಯಿದೆಯ ಪಟ್ಟಿಯಲ್ಲಿ ಇದು ಸೇರಿದೆ. ಎಲ್ಲ ಔಷಧದ ಅಂಗಡಿಗಳಲ್ಲಿಯೂ ದೊರೆಯುವುದಿಲ್ಲ, ವೈದ್ಯರ ಚೀಟಿಯಿಲ್ಲದೆ ಎಲ್ಲಿಯೂ ಕೊಡತಕ್ಕದ್ದಲ್ಲ. ಉತ್ತೇಜಕವಲ್ಲದ ಅಟೊಮಾಕ್ಸೆಟಿನ್ ಎಂಬ ಇನ್ನೊಂದು ಔಷಧಕ್ಕೆ ಅಮೆರಿಕದಲ್ಲಿ ೨೦೦೨ರಲ್ಲಿ ಒಪ್ಪಿಗೆ ದೊರೆಯಿತು.

ಬೆಂಗಳೂರಿಗೆ ಬರಲಾರದವರು ಏನು ಮಾಡಬೇಕು ಎಂದು ಕೇಳಬಹುದು. ನಿಮ್ಹಾನ್ಸ್ ಸಂಸ್ಥೆಯು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸುವುದು ಮೊದಲ ಹೆಜ್ಜೆ. ಹೋಗುವಾಗ ಹಳೆಯ ಪ್ರಗತಿಪತ್ರಗಳಿದ್ದರೆ ಒಯ್ಯಿರಿ. ತಾಯಿ, ಅಣ್ಣ, ಅಕ್ಕ, ಚಿಕ್ಕಪ್ಪ, ಯಾರಾದರೊಬ್ಬರನ್ನು ಸಂಗಡ ಕರೆದುಕೊಂಡು ಹೋಗಿರಿ. ಅವರನ್ನು ರೋಗದ ಲಕ್ಷಣಗಳನ್ನು ಕೇಳಬೇಡಿರಿ. ಕೊಡೆಯ ವಿಷಯ ಕೇಳಿರಿ.

ನಾನು ಔಷಧ ತೆಗೆದುಕೊಳ್ಳಲು ತೊಡಗಿ ಎಂಟು ತಿಂಗಳಾಯಿತು. ಮೊದಲ ದಿನ ವಿಶೇಷವೇನೂ ಆಗಲಿಲ್ಲ. ಮಧ್ಯಾಹ್ನ ಹಸಿವಾಗಲಿಲ್ಲ, ಅಷ್ಟೆ. ಮೂರನೆಯ ವಾರದಲ್ಲಿ ವಿದ್ಯುತ್ತಿನ ಬ��ಲ್ಲನ್ನು ಗಡುವಿನ ಮೊದಲೇ ಕಟ್ಟಿ ಬಂದುದನ್ನು ಹೆಂಡತಿ ಗಮನಿಸಿದಳು. ಪ್ರಸಂಗಿಯು ಎದ್ದು ಹೋಗಿಲ್ಲ. ಅವನು ಮಾತನಾಡುವಾಗ, ಇವನು ಮಾತನಾಡುತ್ತಿದ್ದಾನೆ ಎಂದು ಈಗ ನನಗೆ ತಿಳಿಯುತ್ತದೆ. ಹಲವು ಸಲ ಉತ್ತರ ಕೊಡದೆ ಇರಲು ಸಾಧ್ಯವಾಗುತ್ತದೆ. ಮಾತ್ರೆಯೊಂದರಿಂದಲೇ ಆದುದೂ ಅಲ್ಲ. ಕಚೇರಿಯಲ್ಲಿ ಗಡುವಿನ ಕೆಲಸವನ್ನು ನಾನೀಗ ಒಬ್ಬ ಸಹೋದ್ಯೋಗಿಯ ಪಕ್ಕದಲ್ಲಿಯೇ ಕುಳಿತು ಮಾಡುತ್ತೇನೆ. ಅವರು ತಮ್ಮ ಪಾಡಿಗೆ ತಮ್ಮ ಕೆಲಸ ಮಾಡಿಕೊಳ್ಳುತ್ತಾರೆ. ಅಡಿಕೆ ಇಲ್ಲ, ಮೆಟ್ಟುಗತ್ತಿ ಇಲ್ಲ. ಉಳಿದಂತೆ ಅದೇ ಏರ್ಪಾಡು. ಈ ಮಳೆಗಾಲದಲ್ಲಿ ಕಳೆದ ಕೊಡೆಗಳು ಎರಡು.

ಕಳೆದ ಸಲ ಊರಿಗೆ ಹೋದಾಗ ಅಮ್ಮನಿಗೆ ಇದನ್ನೆಲ್ಲ ಆದಷ್ಟು ಸರಳವಾಗಿ ವಿವರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನಿನ್ನ ಅಪ್ಪನಿಗೂ ಅದೇ ಇತ್ತೋ?’ ಎಂದು ಕೇಳಿದರು. ತೀರಿಹೋದವರನ್ನು ಪರೀಕ್ಷಿಸಲಾಗದು, ಹೇಳುವುದು ಕಷ್ಟ ಎಂದೆ. ‘ನಾನು ಅವರನ್ನು ಬಹಳ ಅಂದಿದ್ದೇನೆ ಮಾರಾಯ’ ಎಂದರು ಅಮ್ಮ. ಅನಂತರ ಎದ್ದು ಹಿತ್ತಿಲಿನ ಬಾಗಿಲು ಹಾಕುತ್ತ, ಆ ಬಾವಿ ಹದಿನೆಂಟು ಅಡಿ ಆಗಿತ್ತು, ನೀರಿನ ಪಸೆಯೂ ಕಂಡಿತ್ತು ಎಂದು ಹೇಳಿದರು.